ಮೇಲೆತ್ತಿದ ಅಂಗೈ

ಸೆಪ್ಟೆಂಬರ್ 10, ಬುಧವಾರ

ನಿಂತುಕೊಂಡು ಬರೆಯುತ್ತಿದ್ದೇನೆ. ಕೊರಳಿಗೆ ಕಾಲರ್ ಬಿಗಿದಿದ್ದಾರೆ, ಆರು ವಾರ. ಗದ್ದ ಮೇಲೆ, ಕಣ್ಣು ಎದುರಿಗೆ, ಕೆಳಗೆ ನೋಡುವಂತಿಲ್ಲ. ಚಿನ್ಮಯೀ ಗಿಡ್ಡ ಕಪಾಟಿನ ಮೇಲಿದ್ದ ತನ್ನ ಪುಸ್ತಕಗಳನ್ನೆಲ್ಲ ಇಳಿಸಿ ಅಲ್ಲಿ ಈ ನೋಟ್‌ಬುಕ್ಕು ಇಟ್ಟುಕೊಟ್ಟಳು. ಧಾರವಾಡದ ಸಪ್ತಾಪುರದ ಈ ಖೋಲಿಯಲ್ಲಿ ಇಬ್ಬರೂ ಎರಡು ವರ್ಷದಿಂದ ಇದ್ದೇವೆ. ಅವಳದು ಎಂ.ಎಸ್ಸಿ., ನನ್ನದು ಎಂ.ಪಿ.ಎಡ್. ಬಗ್ಗಿ ಫೋನು ನೋಡಬಾರದು ಎಂದು ಡಾಕ್ಟರು ಹೇಳಿದ್ದೇ ತಡ, ಅವಳು ನನ್ನ ಫೋನು ಕಸಿದುಕೊಂಡಿದ್ದಾಳೆ. ಸಿಟ್ಟನ್ನು ಎಲ್ಲಾದರೂ ಇಳಿಸಬೇಕಲ್ಲ, ಅದಕ್ಕೆ ಇದು.

ರವಿವಾರ ಹುಬ್ಬಳ್ಳಿಯ ಕಲ್ಯಾಣಮಂಟಪದಲ್ಲಿ ಜಾಲರಿ ಕಟ್ಟಿ ನಡೆಸಿದ, ಗುದ್ದು ಒದೆ ಕುಸ್ತಿ ಎಲ್ಲ ಇರುವ ಎಂ.ಎಂ.ಎ. ಪಂದ್ಯದಲ್ಲಿ ಗದಗಿನ ಸೌಮ್ಯಾ ನನಗೆ ಮೋಸ ಮಾಡಿದಳು. ಬರೆದೇ ಬಿಟ್ಟೆ, ಮೋಸ. ಎರಡನೇ ಸುತ್ತಿನಲ್ಲಿ ಬೆನ್ನ ಹಿಂದೆ ಬಂದು ನನ್ನ ಒಂದು ಕಾಲನ್ನು ತನ್ನ ಎರಡೂ ಕಾಲಲ್ಲಿ ಹೆಣೆದಳು. ಆಮೇಲೆ ತಲೆಯನ್ನು ತೋಳಲ್ಲಿ ಹಿಡಿದು ಆ ಕಡೆಗೆ ಎಳೆದಳು. ಸೊಂಟ ಇತ್ತ, ಕತ್ತು ಅತ್ತ, ನಡುವೆ ಬೆನ್ನುಮೂಳೆ ಒದ್ದೆ ಬಟ್ಟೆ ಹಿಂಡಿದ ಹಾಗೆ. ಇದಕ್ಕೆ ಟ್ವಿಸ್ಟರ್ ಅನ್ನುತ್ತಾರೆ. ನಮ್ಮ ಎಂ.ಎಂ.ಎ. ಸಂಘದ ಅಮೆಚೂರ್, ಅಂದರೆ ಹವ್ಯಾಸಿಗಳ, ನಿಯಮದಲ್ಲಿ ಬೆನ್ನುಮೂಳೆಗೆ ಹಾಕುವ ಯಾವ ಲಾಕೂ ನಡೆಯುವುದಿಲ್ಲ. ಪ್ರೊಫೆಷನಲ್ ನಿಯಮದಲ್ಲಿ ಮಾತ್ರ ನಡೆಯುತ್ತದೆ, ನಮ್ಮದು ಅಮೆಚೂರ್. ಇದನ್ನೆಲ್ಲ ನನಗೆ ಹೇಳಿಕೊಟ್ಟವರು ನನ್ನ ಕೋಚ್ ರಾಜಶೇಖರ ಸರ್. "ಅದನ್ನ ಕಲಿಯೂ ಜರೂರ ಇಲ್ಲ. ಯಾರರ ಹಾಕಿದ್ರ ಕೈ ಎತ್ತು, ಬಿಡಸ್ತಾರ" ಎಂದು ನೂರು ಸಲ ಹೇಳಿದ್ದಾರೆ.

ಕೈ ಎತ್ತಿದೆ. ನಮ್ಮೂರು ಶಿರಗುಪ್ಪಿಯ ಗರಡಿಯ ಪದ್ಧತಿ ಅದು. ಹತ್ತನೇ ವರ್ಷಕ್ಕೇ ಅಪ್ಪ ನನ್ನನ್ನು ಅಲ್ಲಿನ ಕೆಮ್ಮಣ್ಣಿಗೆ ಇಳಿಸಿದ್ದ. ಎದುರಿನವರು ಹಾಕಬಾರದ ಪಟ್ಟು ಹಾಕಿದರೆ ಅಂಗೈ ತೆರೆದು ಮೇಲೆತ್ತಬೇಕು, ಪಂಚರು ಬಂದು ಬಿಡಿಸುತ್ತಾರೆ. ಸರ್ ಕೂಡ ಅದೇ ಗರಡಿಯಲ್ಲಿ ಬೆಳೆದವರು. ಆದರೆ ಈ ರೆಫರಿ, ಪುಣೆಯ ಅತುಲ ಎಂಬವನು, ನನ್ನ ಅಂಗೈಯನ್ನು ನೋಡುತ್ತ ಸುಮ್ಮನೆ ನಿಂತ. ಕತ್ತಿನಲ್ಲಿ ಏನೋ ಲಟಕ್ ಎಂದಿತು. ಚೀರಿದೆ. ಚೀರಿದರೂ ಸೋಲು ಒಪ್ಪಿದ ಹಾಗೆಯೇ ಅಂತೆ.

ಮೂಳೆ ಮುರಿದಿಲ್ಲ. ಇನ್ನೊಂದಿಷ್ಟು ತಿರುಗಿದ್ದರೆ ಈ ಪೆನ್ನು ಹಿಡಿಯಲಿಕ್ಕೂ ಆಗುತ್ತಿರಲಿಲ್ಲ ಎಂದರು ಡಾಕ್ಟರು. ಕಾಲು ನೋಯುತ್ತಿವೆ, ನಿಲ್ಲಿಸುತ್ತೇನೆ.

ಸೆಪ್ಟೆಂಬರ್ 13, ಶನಿವಾರ

ಸರ್ ಬಂದಿದ್ದರು. ನಮ್ಮ ಜಿಮ್ಮು ದುರ್ಗದಬೈಲಿನಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲಿದೆ. ಬರುವಾಗ ಕೆಳಗಿನ ಗಾಡಿಯಿಂದ ಮೋಸಂಬಿ ಕಟ್ಟಿಸಿಕೊಂಡು ಬಂದಿದ್ದರು. ಕಾಲಿಗೆ ನಮಸ್ಕಾರ ಮಾಡಲು ಹೋದೆ, ಅರ್ಧ ಬಗ್ಗಿ ಕಾಲರಿನಿಂದಾಗಿ ಅಲ್ಲೇ ಸಿಕ್ಕಿಕೊಂಡೆ. ಚಿನ್ಮಯೀ ಬಾಯಿಗೆ ಓಢಣಿ ಅಡ್ಡ ಹಿಡಿದು ನಕ್ಕಳು. ಸರ್ ನಗಲಿಲ್ಲ. ಹೆಗಲು ಹಿಡಿದು ನೆಟ್ಟಗೆ ನಿಲ್ಲಿಸಿದರು. ಅವರ ಕಣ್ಣು ಕೆಂಪಾಗಿತ್ತು. ಏಳು ವರ್ಷದಿಂದ ಈ ಮನುಷ್ಯ ನನಗೆ ಅಪ್ಪನಿಗಿಂತ ಒಂದು ಕೈ ಹೆಚ್ಚೇ.

ಸಂಘಕ್ಕೆ ತಕರಾರು ಕೊಡುತ್ತೇನೆ ಎಂದೆ. ತಕರಾರು ನಿಂತರೆ ಗೆಲುವು ನನ್ನದು, ಸೌಮ್ಯಾಳಿಗೆ ಒಂದು ವರ್ಷ ನಿಷೇಧ. ನನ್ನ ಹೆಸರಿಗೆ ಸೋಲಿಲ್ಲದೆ ಡಿಸೆಂಬರಿನ ರಾಜ್ಯ ಅಮೆಚೂರ್ ಟ್ರಯಲ್ಸಿಗೆ ಹೋಗಬಹುದು. ಮೂರು ವರ್ಷದಿಂದ ಅದಕ್ಕಾಗಿಯೇ ಬೆಳಿಗ್ಗೆ ಐದಕ್ಕೆ ಏಳುತ್ತಿರುವುದು. ಸರ್ ಮಾತ್ರ ಈಗಲೇ ಬೇಡ, ಮೊದಲು ಆರಾಮಾಗು, ಆಮೇಲೆ ನೋಡೋಣ ಎಂದರು. ನನ್ನ ಮೈ ಬಗ್ಗೆ ಅವರಿಗೆ ಎಷ್ಟು ಕಾಳಜಿ. ನಾನು ಬಿಡಲಿಲ್ಲ. ಚಿನ್ಮಯೀ ಬರೆದಳು, ಸರ್ ಓದಿ ಒಂದು ಸಾಲು ತಿದ್ದಿದರು, ತಮ್ಮ ಹಸಿರು ಇಂಕಿನ ಪೆನ್ನಿನಿಂದ. ಆ ಪೆನ್ನಿನ ದೆಸೆಯಿಂದಲೇ ಜಿಮ್ಮಿನಲ್ಲಿ ನಾವೆಲ್ಲ ಅವರನ್ನು ಬೆನ್ನ ಹಿಂದೆ ಗೆಜೆಟೆಡ್ ಸಾಹೇಬರು ಅನ್ನುತ್ತೇವೆ.

ಹೋದಮೇಲೆ ನೆನಪಾಯಿತು, ನನ್ನ ಬಿಳಿ ಟವೆಲ್ಲು ಎಲ್ಲಿ ಎಂದು ಕೇಳಲಿಲ್ಲ. ಶಿವಲಿಂಗವ್ವ ಅಜ್ಜಿ ಮೂಲೆಯಲ್ಲಿ ಕೆಂಪು ದಾರದಿಂದ ನನ್ನ ಹೆಸರಿನ 'ಉ' ಹಾಕಿಕೊಟ್ಟದ್ದು. ಪಂದ್ಯದ ದಿನ ಸರ್ ಹೆಗಲ ಮೇಲಿತ್ತು.

ಸೆಪ್ಟೆಂಬರ್ 19, ಶುಕ್ರವಾರ

ಸೌಮ್ಯಾ ಚಿನ್ಮಯೀಯ ಫೋನಿಗೆ ಮಾಡಿದ್ದಳು. ನಮ್ಮ ಜಿಮ್ಮಿನವರು ಇನ್‌ಸ್ಟಾಗ್ರಾಮಿನಲ್ಲಿ ಅವಳನ್ನು ಹಿಗ್ಗಾಮುಗ್ಗಾ ಬೈಯುತ್ತಿದ್ದಾರಂತೆ. ಸಾಲಿಯಲ್ಲಿ ಆಟ ಕಲಿಸುವ ಅವಳ ಕೆಲಸಕ್ಕೂ ಕುತ್ತು ಬಂದಿದೆ ಅಂತೆ. ಬರಲಿ. ಸ್ಪೀಕರಿಗೆ ಹಾಕು ಎಂದೆ, ಎರಡು ಮಾತು ಬೈದೇಬಿಡೋಣ ಎಂದು.

"ಬೈಯೂದಿದ್ರ ಬೈಯಿ. ಒಂದ ಮಾತು ಕೇಳಾಕ ಫೋನ್ ಮಾಡೇನಿ. ನೀ ಬಡೀಲಿಲ್ಲ ಯಾಕ? ಬಡೀತಿ, ಬಡೀತಿ ಅಂತ ನಾ ಕಾಯಾಕತ್ತಿದ್ನಿ. ಅದಕ್ಕ ನಿಧಾನಕ ಎಳದ್ನಿ."

ಅಂಗೈಯಿಂದ ಎರಡು ಮೂರು ಸಲ ಎದುರಿನವರ ಮೈಗೋ ನೆಲಕ್ಕೋ ಬಡಿದರೆ ಸೋತೆ, ಬಿಡು ಎಂದು ಅರ್ಥ. ಬಡಿದ ಕೂಡಲೇ ಬಿಡಬೇಕು. ಬಡಿಯಬೇಕಾದ್ದು ನ್ಯಾಯವಾದ ಪಟ್ಟಿಗೆ, ನಿನ್ನಂಥವಳ ಪಟ್ಟಿಗಲ್ಲ ಎಂದು ಹೇಳಿ ಕಟ್ ಮಾಡಿಸಿದೆ.

ನಿಧಾನಕ್ಕೆ ಎಳೆದಳಂತೆ. ದೊಡ್ಡ ಉಪಕಾರ.

ಸೆಪ್ಟೆಂಬರ್ 22, ಸೋಮವಾರ

ತಕರಾರಿಗೆ ಡಾಕ್ಟರರ ಚೀಟಿ ಲಗತ್ತಿಸಬೇಕಿತ್ತು. ಚಿಗರಿ ಬಸ್ಸಿನಲ್ಲಿ ಕಂಬದ ಹಾಗೆ ಕುಳಿತು ಹುಬ್ಬಳ್ಳಿಗೆ ಹೋದೆ. ಸಂಘದ ಆಫೀಸಿನ ಗುಮಾಸ್ತರು ಫೈಲು ತೆಗೆದು, ನನ್ನ ಕಾಲರ್ ನೋಡಿ ಪಾಪ ಅನಿಸಿತೋ ಏನೋ, ಅದನ್ನು ನನ್ನ ಕಣ್ಣಿನ ಎತ್ತರಕ್ಕೆ ಹಿಡಿದರು. ತಕರಾರಿನಲ್ಲಿ ಅಮೆಚೂರ್ ಎಂದು ಬರೆದಿದ್ದೀರಿ, ಪಂದ್ಯದ ಕರಾರಿನಲ್ಲಿ ಹಾಗಿಲ್ಲವಲ್ಲ ಎಂದರು.

ಕರಾರಿನಲ್ಲಿ ಎರಡು ಚೌಕಗಳಿವೆ. ಅಮೆಚೂರ್ ನಿಯಮ, ಪ್ರೊಫೆಷನಲ್ ನಿಯಮ. ಟಿಕ್ಕು ಎರಡನೆಯದರಲ್ಲಿದೆ. ಕೆಳಗೆ ನನ್ನ ಸಹಿ, ಪಕ್ಕದಲ್ಲಿ ಸರ್ ಸಹಿ. ತಾರೀಖು ಆಗಸ್ಟ್ 23. ಪಂದ್ಯಕ್ಕೆ ಹದಿನೈದು ದಿನ ಮೊದಲು.

ಆ ದಿನ ನೆನಪಿದೆ. ಹಗ್ಗ ಜಿಗಿಯುತ್ತಿದ್ದೆ. ಸರ್ ಹಲಗೆಯ ಮೇಲೆ ಕಾಗದ ಹಿಡಿದುಕೊಂಡು ಬಂದು "ಇಲ್ಲಿ" ಎಂದು ಬೆರಳಿಟ್ಟರು. ನನ್ನ ಹಣೆಯ ಬೆವರು ಕಾಗದದ ಮೇಲೆ ಬಿತ್ತು, ಅವರು ತೋಳಿನಿಂದ ಒರೆಸಿದರು. ಬೆರಳಿದ್ದಲ್ಲಿ ಸಹಿ ಮಾಡಿದೆ. ಓದಲಿಲ್ಲ. ನಮ್ಮ ಗರಡಿಯಲ್ಲಿ ಜೋಡಿ ಕಟ್ಟುವವರು ಉಸ್ತಾದರು, ಕರಾರು ಮಾತಾಡುವವರೂ ಅವರೇ. ಮಣ್ಣಿಗೆ ಇಳಿಯುವವರು ಕೇಳುವುದಿಲ್ಲ. ಕೇಳಿದರೆ ಅವಮಾನ ಮಾಡಿದ ಹಾಗೆ. ಪಂದ್ಯದ ದಿನ ರೆಫರಿ ನಿಯಮ ಓದಿ ಹೇಳುವಲ್ಲಿಗೂ ಅವರೊಬ್ಬರೇ ಹೋಗಿದ್ದರು. ನೀನು ಮೈ ಬಿಸಿ ಮಾಡಿಕೋ ಎಂದಿದ್ದರು.

ಟಿಕ್ಕು ಹಸಿರು ಬಣ್ಣದ್ದು.

ಗುಮಾಸ್ತರು ಒಂದು ಜೆರಾಕ್ಸ್ ಕೊಟ್ಟರು, ಅದರಲ್ಲಿ ಎಲ್ಲ ಕಪ್ಪು. ಹೊರಗೆ ಬಂದು, ಜೊತೆಗೆ ಬಂದಿದ್ದ ಚಿನ್ಮಯೀಯಿಂದ ಸರ್‌ಗೆ ಫೋನು ಹಚ್ಚಿಸಿದೆ. ಏನೋ ಆಫೀಸಿನ ಗೊಂದಲ, ನಾನು ನೋಡಿಕೊಳ್ಳುತ್ತೇನೆ, ನೀನು ಬಿಸಿಲಲ್ಲಿ ಓಡಾಡಬೇಡ ಎಂದರು. ಆಫೀಸಿನ ಗೊಂದಲವೇ ಇರಬೇಕು. ಪೆನ್ನನ್ನು ಯಾರಾದರೂ ಕೇಳಿ ಇಸಿದುಕೊಂಡಿರಬಹುದು. ಜನ ಪೆನ್ನು ಕೇಳುತ್ತಾರೆ.

ಸೆಪ್ಟೆಂಬರ್ 23, ಮಂಗಳವಾರ

ಜನ ಪೆನ್ನು ಕೇಳುತ್ತಾರೆ, ಖರೆ. ಟಿಕ್ಕನ್ನೂ ಹಾಕಿ ಕೊಡುತ್ತಾರೆಯೇ?

ಸೆಪ್ಟೆಂಬರ್ 28, ರವಿವಾರ

ಚಿನ್ಮಯೀ ಪಂದ್ಯದ ದಿನ ಮುಂದಿನ ಸಾಲಿನಿಂದ ವಿಡಿಯೋ ಮಾಡಿದ್ದಳು. ಇಷ್ಟು ದಿನ ಬೇಡವೆಂದಿದ್ದೆ. ಇವತ್ತು ನಾನೇ ಕೇಳಿದೆ. ಅವಳು ಫೋನನ್ನು ಕಪಾಟಿನ ಮೇಲೆ ಡಬ್ಬಿಗೆ ಆನಿಸಿ ನಿಲ್ಲಿಸಿದಳು. ಮೂರು ಸಲ ನೋಡಿದೆವು. ನಾಲ್ಕನೆಯ ಸಲ ಅವಳು ಎದ್ದು ಹೊರಗೆ ಹೋದಳು.

ಸೌಮ್ಯಾಳ ಮುಖ ನನ್ನ ಬೆನ್ನಿಗೆ ಒತ್ತಿಕೊಂಡಿದೆ, ನನ್ನ ಕೈ ಅವಳಿಗೆ ಕಾಣಿಸುವಂತಿಲ್ಲ. ಅತುಲ ಬಗ್ಗಿ ನನ್ನ ಬಾಯಿಯ ಹತ್ತಿರ ಕಿವಿಯಿಟ್ಟಿದ್ದಾನೆ, ಸೋತೆ ಎನ್ನುತ್ತೇನೋ ಎಂದು. ನನ್ನ ಅಂಗೈ ಗಾಳಿಯಲ್ಲಿದೆ. ಅದು ಏನೆಂದು ಅವನಿಗೆ ಹೇಗೆ ಗೊತ್ತಾಗಬೇಕು, ಪುಣೆಯಿಂದ ಬಂದವನಿಗೆ? ಆ ಇಡೀ ಮಂಟಪದಲ್ಲಿ ಎತ್ತಿದ ಅಂಗೈಯ ಅರ್ಥ ಗೊತ್ತಿದ್ದವರು ಇಬ್ಬರೇ. ಒಬ್ಬಳು ನಾನು.

ಇನ್ನೊಬ್ಬರು ಜಾಲರಿಯ ಹೊರಗೆ ನನ್ನ ಮೂಲೆಯಲ್ಲಿ ನಿಂತಿದ್ದಾರೆ. ಅಂಗೈಯನ್ನು ನೋಡುತ್ತಾರೆ. ಸ್ಪಷ್ಟವಾಗಿ ನೋಡುತ್ತಾರೆ. ಈ ಹುಡುಗಿ ಪಟ್ಟು ನಿಷಿದ್ಧವೆಂದುಕೊಂಡಿದ್ದಾಳೆ, ಬಿಡಿಸುತ್ತಾರೆಂದು ಕಾಯುತ್ತಿದ್ದಾಳೆ, ಇವಳು ಬಡಿಯುವುದಿಲ್ಲ ಎಂದು ಜಗತ್ತಿನಲ್ಲಿ ಅವರೊಬ್ಬರಿಗೆ ಗೊತ್ತು. ಟವೆಲ್ಲು ಒಳಗೆ ಎಸೆದರೆ ಸಾಕು, ಪಂದ್ಯ ಅಲ್ಲಿಗೇ ನಿಲ್ಲುತ್ತದೆ. ಹೆಗಲಿನಿಂದ ಟವೆಲ್ಲು ತೆಗೆಯುತ್ತಾರೆ. ಮೂರು ಸಲವೂ ನನಗೆ ಅನಿಸಿತು, ಈಗ ಎಸೆಯುತ್ತಾರೆ ಎಂದು.

ಮುಖ ಒರೆಸಿಕೊಂಡರು. ತಮ್ಮ ಮುಖ. ಒರೆಸಿಕೊಂಡು ಮತ್ತೆ ಹೆಗಲಿಗೆ ಹಾಕಿಕೊಂಡರು. ಕೆಂಪು 'ಉ' ಕೂಡ ಕಾಣುತ್ತದೆ.

ಆಮೇಲೆ ನಾನು ಚೀರುವುದು ಕೇಳುತ್ತದೆ.

ಮೈಯೆಲ್ಲ ಉರಿಯುತ್ತಿದೆ. ಅಳಲೂ ಬರುತ್ತಿಲ್ಲ, ಬಿಕ್ಕಿದರೆ ಕತ್ತು ನೋಯುತ್ತದೆ. ಸೌಮ್ಯಾ ನನಗೆ ಮೋಸ ಮಾಡಿದಳು ಎಂದು ಮೊದಲ ಪುಟದಲ್ಲಿ ಬರೆದಿದ್ದೇನೆ. ಆ ಸಾಲನ್ನು ಹೊಡೆದು ಹಾಕೋಣ ಎಂದುಕೊಂಡೆ. ಇರಲಿ, ಯಾರನ್ನು ಏನೆಂದು ನಂಬಿದ್ದೆ ಎಂಬುದೂ ಇರಲಿ.

ಅಕ್ಟೋಬರ್ 2, ಗುರುವಾರ, ದಸರಾ

ಊರಿಗೆ ಬಂದಿದ್ದೇನೆ. ಇಲ್ಲಿ ಕಪಾಟು ಎತ್ತರ, ಅಡಿಗೆಮನೆಯ ಧಾನ್ಯದ ಡಬ್ಬಿಗಳ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಸಂಜೆ ರಾಜಶೇಖರ ಸರ್ ಬನ್ನಿ ಕೊಡಲು ಬಂದರು. ಹುಬ್ಬಳ್ಳಿಯಿಂದ ಇಲ್ಲಿಯವರೆಗೆ, ಗಾಡಿಯ ಮೇಲೆ. ಅಜ್ಜಿಗೆ ಖುಷಿಯೋ ಖುಷಿ. "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ" ಎಂದು ಅವರು ಎಲ್ಲರ ಕೈಗೂ ಎಲೆ ಕೊಟ್ಟರು. ಅಪ್ಪ ಕಂಬಳಿ ಹಾಸಿ ಕೂರಿಸಿ, ಹತ್ತಿ ಹೇಗಿದೆ, ಮಳೆ ಹೇಗಾಯಿತು ಎಂದು ಮಾತಾಡಿಸಿದ. ಅಪ್ಪನಿಗೆ ನಾನಿನ್ನೂ ಏನೂ ಹೇಳಿಲ್ಲ. ನಮ್ಮಪ್ಪ ಕುಬೇರಪ್ಪನ ಸಿಟ್ಟು ಶಿರಗುಪ್ಪಿಗೆಲ್ಲ ಗೊತ್ತು. ನನ್ನ ಕೈಯಲ್ಲಿ ಎಲೆ ಇಡುವಾಗ ಸರ್ ನನ್ನ ಮುಖ ನೋಡಲಿಲ್ಲ. ದಸರೆಯ ಬನ್ನಿಯನ್ನು ಒಲ್ಲೆ ಎನ್ನಲು ಬರುತ್ತದೆಯೇ? ತೆಗೆದುಕೊಂಡೆ.

ಆಮೇಲೆ ಹೊರಗಿನ ಕಟ್ಟೆಗೆ ಕರೆದರು. ಹನ್ನೊಂದನೇ ತಾರೀಖಿಗೆ ಸಂಘದ ವಿಚಾರಣೆ ಇದೆ. ಕರಾರಿಗೆ ನಾವಿಬ್ಬರೂ ಸಹಿ ಮಾಡುವಾಗ ಎರಡೂ ಚೌಕ ಖಾಲಿ ಇದ್ದವು, ಗದಗಿನವರು ಆಮೇಲೆ ಟಿಕ್ಕು ಹಾಕಿದ್ದಾರೆ ಎಂದು ಸರ್ ಹೇಳುತ್ತಾರಂತೆ, ನಾನು ಹೌದು ಎನ್ನಬೇಕಂತೆ. ಸಮಿತಿಯವರ ಮುಂದೆ ಇರುವುದು ಜೆರಾಕ್ಸು ಮಾತ್ರ. ಗೆಲುವು ನನಗೆ ಬರುತ್ತದೆ, ಡಿಸೆಂಬರಿನ ಟ್ರಯಲ್ಸೂ ಉಳಿಯುತ್ತದೆ. ಪ್ರೊಫೆಷನಲ್ ನಿಯಮದಲ್ಲಿ ಒಂದು ಪಂದ್ಯ ಆಡಿದರೂ ಸಾಕು, ಸಂಘದವರು ಅಮೆಚೂರ್ ಟ್ರಯಲ್ಸಿಗೆ ಬಿಡುವುದಿಲ್ಲ. ಇದನ್ನು ಅವರು ನನಗೆ ಹೇಳಿದ್ದು ಇವತ್ತು.

ಯಾಕೆ ಟಿಕ್ಕು ಹಾಕಿದಿರಿ ಎಂದು ಕೇಳಿದೆ. ಗದಗಿನವರು ಅಮೆಚೂರಿಗೆ ಒಪ್ಪಲಿಲ್ಲವಂತೆ. ಪೋಸ್ಟರಿನಲ್ಲಿ ಜಿಮ್ಮಿನ ಹೆಸರು ಆಗಲೇ ಅಚ್ಚಾಗಿತ್ತಂತೆ. ಜೋಡಿ ಮುರಿದರೆ ಮರ್ಯಾದೆಯ ಪ್ರಶ್ನೆ.

"ನನಗ ಯಾಕ ಹೇಳಲಿಲ್ರಿ?"

"ಹೇಳಿದ್ರ ನೀ ಹೆದರತಿದ್ದಿ."

ಹೆದರುತ್ತಿರಲಿಲ್ಲ. ಹೇಳಿದ್ದರೆ ಹದಿನೈದು ದಿನದಲ್ಲಿ ಆ ಲಾಕ್ ಬಿಡಿಸಿಕೊಳ್ಳುವುದನ್ನು ಕಲಿಯುತ್ತಿದ್ದೆ. ಕಲಿಯಲು ಆಗದಿದ್ದರೆ ಬಡಿಯುತ್ತಿದ್ದೆ. ಇದನ್ನೆಲ್ಲ ಅಲ್ಲಿ ಹೇಳಲಿಲ್ಲ. ಇಷ್ಟೇ ಕೇಳಿದೆ: "ಟಾವೆಲ್ ಒಳಗ ಯಾಕ ಒಗೀಲಿಲ್ಲ?"

ಉಳಿದ ಬನ್ನಿ ಎಲೆಗಳನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಅಂದರು: "ಇನ್ನ ಹತ್ತ ಸೆಕೆಂಡಿಗೆ ಗಂಟಿ ಬಾರಸ್ತಿತ್ತು ಉಮಾ. ನೀ ತಡಕೋತಿ ಅಂತ ನನಗ ಭರವಸಾ ಇತ್ತು."

ಭರವಸೆ ಅವರದು, ಕತ್ತು ನನ್ನದು.

ಹೌದು ಅಂತೀ ಹೌದಿಲ್ಲೋ ಎಂದು ಎರಡು ಸಲ ಕೇಳಿದರು. ನಾನು ತಲೆ ಆಡಿಸಲಿಲ್ಲ. ಕಾಲರ್ ಇರುವುದರಿಂದ ಆಡಿಸಲು ಆಗುವುದಿಲ್ಲ ಎಂದುಕೊಂಡಿರಬೇಕು. ಹೋಗುವಾಗ ಅಜ್ಜಿ ಹೋಳಿಗೆ ಕಟ್ಟಿಕೊಟ್ಟಳು, ಎಂಟು.

ಅಕ್ಟೋಬರ್ 7, ಮಂಗಳವಾರ

ಧಾರವಾಡಕ್ಕೆ ವಾಪಸು. ಹೌದು ಅಂದುಬಿಟ್ಟರೆ ಏನಾಗುತ್ತದೆ ಎಂದು ಚಿನ್ಮಯೀಗೆ ಕೇಳಿದೆ. ಏನೂ ಆಗುವುದಿಲ್ಲ, ಡಿಸೆಂಬರಿನಲ್ಲಿ ನೀನು ಟ್ರಯಲ್ಸಿಗೆ ಹೋಗುತ್ತಿ ಎಂದಳು. ಆಮೇಲೆ, ಸೌಮ್ಯಾ ಒಂದು ವರ್ಷ ಮನೆಯಲ್ಲಿ ಕೂರುತ್ತಾಳೆ ಎಂದಳು.

ಒಂದು ಸುಳ್ಳಿಗೆ ಎಲ್ಲವೂ ನೆಟ್ಟಗಾಗುತ್ತದೆ. ಆಸೆ ಇಲ್ಲ ಎಂದರೆ ಅದೂ ಸುಳ್ಳೇ. ಬೆಳಿಗ್ಗೆ ಐದಕ್ಕೆ ಈಗಲೂ ಎಚ್ಚರಾಗುತ್ತದೆ. ಎದ್ದು ಶೂ ನೋಡುತ್ತೇನೆ.

ಅಕ್ಟೋಬರ್ 11, ಶನಿವಾರ

ವಿಚಾರಣೆ ಮುಗಿಯಿತು.

ಸಮಿತಿಯಲ್ಲಿ ಮೂವರು. ಅಧ್ಯಕ್ಷರು ರಮಾಕಾಂತ ಸರ್, ನಿವೃತ್ತ ವ್ಯಾಯಾಮ ಶಿಕ್ಷಕರು, ದೊಡ್ಡ ಧ್ವನಿ. ಉದ್ದ ಮೇಜಿನ ಮೇಲೆ ಚಹಾ ಕಪ್ಪುಗಳು, ಕರಾರಿನ ಜೆರಾಕ್ಸುಗಳು. ಎದುರಿಗೆ ಸೌಮ್ಯಾ, ಹಸಿರು ಚೂಡಿದಾರ, ಜಾಲರಿಯೊಳಗೆ ಕಂಡಿದ್ದಕ್ಕಿಂತ ಗಿಡ್ಡ. ಮೊದಲು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ರಾಜಶೇಖರ ಎದ್ದು ನಿಂತರು.

"ಆಕಿ ನೋವಿನ್ಯಾಗ ಅದಾಳ್ರಿ. ಆಕಿ ಪರವಾಗಿ ನಾ ಮಾತಾಡತೇನಿ."

ಮಾತಾಡಿದರು. ಛಲೋ ಮಾತಾಡುತ್ತಾರೆ. ಖಾಲಿ ಚೌಕ, ಗದಗಿನವರ ಕುತಂತ್ರ, ರೈತನ ಮಗಳ ಭವಿಷ್ಯ. ಸೌಮ್ಯಾಳ ಮುಖ ಬಿಳಿಚಿಕೊಂಡಿತು. ನಾನು ಕೈ ಎತ್ತಿದೆ. ಯೋಚಿಸಿ ಎತ್ತಿದ್ದಲ್ಲ, ತಾನೇ ಮೇಲೆ ಹೋಯಿತು, ಅಂಗೈ ತೆರೆದುಕೊಂಡು. ಸಮಿತಿಯವರು ಮೂವರೂ ಕಾಗದ ನೋಡುತ್ತಿದ್ದರು. ರಾಜಶೇಖರ ನೋಡಿದರು. ನನ್ನ ಅಂಗೈಯನ್ನು ನೋಡಿ, ಮುಖ ಆ ಕಡೆ ಮಾಡಿ, ಮಾತು ಮುಂದುವರಿಸಿದರು.

ಕೈ ಇಳಿಸಿದೆ. ಇಳಿಸಿ ಮೇಜಿಗೆ ಬಡಿದೆ. ಮೂರು ಸಲ. ಕಪ್ಪುಬಸಿಗಳೆಲ್ಲ ಕುಣಿದವು. ಎಲ್ಲರೂ ನನ್ನ ಕಡೆ ತಿರುಗಿದರು.

"ನಾ ಸೋತೇನ್ರಿ" ಎಂದೆ. "ಟಿಕ್ ಹಾಕಿದ್ದು ನಮ್ಮ ಕಡೆಯವ್ರು, ಹಸರ ಇಂಕಿಲೆ. ಒರಿಜಿನಲ್ ತರಿಸಿ ನೋಡ್ರಿ. ಆ ಲಾಕ್ ನಡೀತಿತ್ತು. ಸೌಮ್ಯಾಂದು ಏನೂ ತಪ್ಪಿಲ್ಲ. ನನಗ ಗೊತ್ತಿರಲಿಲ್ಲ, ಅಷ್ಟ."

ಗುಮಾಸ್ತರು ಫೈಲು ತಂದರು. ರಮಾಕಾಂತ ಸರ್ ಕಾಗದ ನೋಡಿದರು. ಆಮೇಲೆ ರಾಜಶೇಖರರ ಅಂಗಿಯ ಜೇಬು ನೋಡಿದರು. ಪೆನ್ನು ಅಲ್ಲೇ ಇತ್ತು. ಅವರ ದೊಡ್ಡ ಧ್ವನಿ ಸಣ್ಣದಾಯಿತು. ಫಲಿತಾಂಶ ಬದಲಾಗುವುದಿಲ್ಲ, ಇದು ಪ್ರೊಫೆಷನಲ್ ಪಂದ್ಯವೆಂದೇ ದಾಖಲಾಗುತ್ತದೆ, ಡಿಸೆಂಬರಿಗೆ ನೀನು ಬರುವಂತಿಲ್ಲ, ತಿಳಿಯಿತೇನಮ್ಮಾ ಎಂದರು. ತಿಳಿಯಿತು ಎಂದೆ. ತರಬೇತುದಾರರ ವಿಷಯ ಬೇರೆ ಸಭೆಯಲ್ಲಿ ನೋಡುತ್ತಾರಂತೆ.

ಹೊರಗೆ ಮೆಟ್ಟಿಲ ಹತ್ತಿರ ಸೌಮ್ಯಾ ನಿಂತಿದ್ದಳು. ಥ್ಯಾಂಕ್ಸ್ ಅನ್ನುತ್ತಾಳೆ ಅಂದುಕೊಂಡೆ. ನನ್ನ ಕಾಲರನ್ನೇ ನೋಡುತ್ತ, "ಅವತ್ತ ಹಿಂಗ ಬಡದಿದ್ರ ಆಗತಿತ್ತಲ್ಲ" ಎಂದಳು. ಹೇಳುತ್ತ ಹೇಳುತ್ತ ಅತ್ತಳು. ಅವಳಿಗೇಕೆ ಅಳು ಬಂತೋ. ನನಗೂ ಬಂತು, ನೆಟ್ಟಗೆ ನಿಂತೇ ಅತ್ತೆ.

ಅಕ್ಟೋಬರ್ 25, ಶನಿವಾರ

ಕಾಲರ್ ಹೋಯಿತು. ಕುಳಿತುಕೊಂಡು ಬರೆಯುತ್ತಿದ್ದೇನೆ. ಡಾಕ್ಟರು ಅತ್ತ ಇತ್ತ ಮೇಲೆ ಕೆಳಗೆ ಎಲ್ಲ ಮಾಡಿಸಿ ನೋಡಿದರು, ಚೆನ್ನಾಗಿ ಬಗ್ಗುತ್ತದೆ ಎಂದರು. ಸೌಮ್ಯಾಳಿಗೆ ಫೋನು ಮಾಡಿ ಹೇಳಿದೆ. ಸಂಕ್ರಾಂತಿ ಆದಮೇಲೆ ಗದಗಿಗೆ ಬಾ, ಆ ಲಾಕ್ ಬಿಡಿಸಿಕೊಳ್ಳುವುದನ್ನು ತೋರಿಸುತ್ತೇನೆ ಎಂದಳು. ನೋಡೋಣ.

ಮಧ್ಯಾಹ್ನ ಸಾಮಾನು ತರಲು ದುರ್ಗದಬೈಲಿಗೆ ಹೋದೆ. ಕೆಳಗಿನ ಬಟ್ಟೆ ಅಂಗಡಿಯವರು ಎಷ್ಟು ದಿನವಾಯಿತು ತಂಗಿ ಎಂದರು. ಮೇಲೆ ರಾಜಶೇಖರ ಒಬ್ಬನೇ ಇದ್ದ, ಚಾಪೆ ಒರೆಸುತ್ತಿದ್ದ. ನನ್ನ ಕೊರಳು ಬರಿದಾಗಿದ್ದನ್ನು ನೋಡಿದ. ಕೈಯಲ್ಲಿದ್ದ ಅರಿವೆ ಪಕ್ಕಕ್ಕಿಟ್ಟು, ಕಾಲು ಜೋಡಿಸಿ, ಸ್ವಲ್ಪ ಹಿಂದಕ್ಕೆ ಸರಿದು ನಿಂತ. ನಾನು ನಮಸ್ಕಾರ ಮಾಡಲು ಜಾಗವಾಗಲಿ ಎಂದು. ಏಳು ವರ್ಷ ದಿನಾ ಹಾಗೆಯೇ ನಿಂತವನು, ಅವನಿಗೂ ರೂಢಿ.

ಗ್ಲೌಸು, ಹಗ್ಗ, ನೀರಿನ ಬಾಟಲಿ ಚೀಲಕ್ಕೆ ಹಾಕಿಕೊಂಡೆ. ಟವೆಲ್ಲು ಗೋಡೆಯ ಮೊಳೆಗೆ ತೂಗುತ್ತಿತ್ತು, 'ಉ' ಒಳಮಡಿಕೆಗೆ ಹೋಗಿತ್ತು. ಅದನ್ನೂ ತೆಗೆದುಕೊಂಡು ಇಳಿದು ಬಂದೆ. ಅವನು ಇನ್ನೂ ಕಾಲು ಜೋಡಿಸಿಯೇ ನಿಂತಿದ್ದ.

ಖೋಲಿಗೆ ಬಂದು ಟವೆಲ್ಲು ಒಗೆದು ಹಾಕಿದೆ. ಒಣಗಿದ ಮೇಲೆ ಮೂಸಿ ನೋಡಿ ಇನ್ನೊಮ್ಮೆ ಒಗೆದೆ. ನಾಳೆ ಮತ್ತೊಮ್ಮೆ ಒಗೆಯಬೇಕು.